ಸುಮ್ಮನೆ ಕೂರಲು ಒಂದು ಊರು

ಮಾವ: ಎರಡು ವರ್ಷ ನಗರ ಅಧ್ಯಯನ ಅಂತ ಓದಿ ಬಂದಿದ್ದೀಯ. ನಮ್ಮಕ್ಕ, ಅದೇ ನಿಮ್ಮಮ್ಮ, ಸಿಕ್ಕಿದವರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದಾಳೆ. ನಾನು ಯಾವ ಡಿಗ್ರಿಯೂ ಇಲ್ಲದೆ ಈ ಬೆಂಗಳೂರಲ್ಲಿ ನಲವತ್ತು ವರ್ಷ ಬಾಳಿದೀನಿ. ಎಲ್ಲಿ, ಹೇಳು ನೋಡೋಣ, ನಗರ ಅಂದ್ರೆ ಏನು?

ಸೊಸೆ: ಸರ್ಕಾರ ಹೇಳೋದನ್ನ ಹೇಳ್ಲಾ, ನನಗೆ ಅನ್ನಿಸೋದನ್ನ ಹೇಳ್ಲಾ?

ಮಾವ: ಮೊದಲು ಸರ್ಕಾರದ್ದು ಮುಗಿಸು.

ಸೊಸೆ: ಪಾಲಿಕೆ, ಪುರಸಭೆ ಇರೋ ಊರೆಲ್ಲ ತಾನಾಗೇ ನಗರ. ಅದಿಲ್ಲದ ಊರಿಗೆ ಜನಗಣತಿಯವರು ಮೂರು ಪರೀಕ್ಷೆ ಇಟ್ಟಿದ್ದಾರೆ. ಕನಿಷ್ಠ 5,000 ಜನ ಇರಬೇಕು. ಚದರ ಕಿಲೋಮೀಟರಿಗೆ 400 ಜನಕ್ಕೆ ಕಮ್ಮಿ ಇರಬಾರದು. ದುಡಿಯೋ ಗಂಡಸರಲ್ಲಿ ನೂರಕ್ಕೆ 75 ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು.

ಮಾವ: ಗಂಡಸರು ಮಾತ್ರಾನಾ?

ಸೊಸೆ: ಗಂಡಸರು ಮಾತ್ರ. ನಮ್ಮೂರಲ್ಲಿ ಅಜ್ಜಿ, ಚಿಕ್ಕಮ್ಮ ಎಲ್ಲ ರೇಷ್ಮೆ ನೂಲು ತೆಗೀತಿದ್ರಲ್ಲ, ಕೈ ಬೆರಳೆಲ್ಲ ಬಿಸಿನೀರಲ್ಲಿ ಬೆಂದು ಬಿಳಚಿಕೊಂಡಿರ್ತಿತ್ತು. ಅದು ಹೊಲದ ಕೆಲಸ ಅಲ್ಲ, ಕೈಗಾರಿಕೆ. ಆದ್ರೆ ಊರು ಹಳ್ಳಿಯೋ ಪಟ್ಟಣವೋ ಅಂತ ತೀರ್ಮಾನ ಮಾಡೋವಾಗ ಅವರ ಕೈ ಲೆಕ್ಕಕ್ಕಿಲ್ಲ. ತಾತ ನೇಗಿಲು ಕೆಳಗಿಟ್ಟು ಆಟೋ ಓಡಿಸಬೇಕು, ಆಗ ಊರು ಬದಲಾಯ್ತು ಅಂತ ಅರ್ಥ.

ಮಾವ: ಸರಿ, ಅದು ಸರ್ಕಾರದ್ದಾಯ್ತು. ನಿನ್ನದು?

ಸೊಸೆ: ಗುರುತಿಲ್ಲದವಳು ಒಂದು ಕಡೆ ಸುಮ್ಮನೆ ನಿಂತಿದ್ರೆ, ‘ಯಾರು ನೀನು, ಯಾಕೆ ಇಲ್ಲಿದ್ದೀಯ’ ಅಂತ ಯಾರೂ ಕೇಳದೆ ಇರೋ ಜಾಗ. ಅದು ನಗರ. ಎತ್ತರದ ಕಟ್ಟಡ, ಮೆಟ್ರೋ, ಫ್ಲೈಓವರ್ ಎಲ್ಲ ಆಮೇಲೆ.

ಮಾವ: ಇಷ್ಟಕ್ಕೆ ಎರಡು ವರ್ಷ ಓದಬೇಕಿತ್ತಾ?

ಸೊಸೆ: ಇದು ಓದಿ ಬಂದಿದ್ದಲ್ಲ, ಓದೋಕೆ ಮುಂಚೇನೇ ಗೊತ್ತಿತ್ತು. ಊರಲ್ಲಿ ನಾನು ಅಂಗಡಿ ಮುಂದೆ ಎರಡು ನಿಮಿಷ ನಿಂತ್ರೆ ಸುದ್ದಿ ನನಗಿಂತ ಮುಂಚೆ ಮನೆ ಸೇರ್ತಿತ್ತು. ನಾವು ಮೇಲಿನ ಬೀದಿಯವರಾಗಿದ್ದಕ್ಕೆ ಸುದ್ದಿ ಮಾತ್ರ. ಕೆಳಗಿನ ಕೇರಿಯವರು ನಿಂತಿದ್ರೆ ಮಾತು ಬೇರೆ ಥರ ಬರ್ತಿತ್ತು. ಅಂಬೇಡ್ಕರ್ 1948ರಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿ ಬಗ್ಗೆ ಅಷ್ಟು ಕಟುವಾಗಿ ಮಾತಾಡಿದ್ದು ಸುಮ್ಮನೆ ಅಲ್ಲ. ಹಳ್ಳಿಯನ್ನ ಹಾಡಿ ಹೊಗಳೋರು ಹೆಚ್ಚಾಗಿ ಅಲ್ಲಿ ಎಲ್ಲಿ ಬೇಕಾದ್ರೂ ನಿಲ್ಲಬಹುದಾಗಿದ್ದವರೇ.

ಮಾವ: ಇಲ್ಲಿ ಕೇಳಲ್ಲ ಅಂತ ಯಾರು ಹೇಳಿದ್ರು ನಿನಗೆ? ಬಾಡಿಗೆಗೆ ಮನೆ ಹುಡುಕಿ ನೋಡು. ‘ನೀವು ಯಾವ ಪೈಕಿ’, ‘ವೆಜ್ಜಾ ನಾನ್‌ವೆಜ್ಜಾ’ ಅಂತ ಶುರುವಾಗುತ್ತೆ. ಬೋರ್ಡಲ್ಲೇ ಬರೆದು ನೇತುಹಾಕಿರ್ತಾರೆ.

ಸೊಸೆ: ಮನೆಗಳು ಕೇಳ್ತವೆ, ಒಪ್ತೀನಿ. ಮುಸ್ಲಿಂ ಹೆಸರಿದ್ರೆ ಫೋನಲ್ಲೇ ಮುಗೀತು. ನಾನು ಹೇಳ್ತಿರೋದು ಬೀದಿ ಬಗ್ಗೆ. ನಮ್ಮೂರಿನ ಮನೆ, ಬೀದಿ ಎರಡೂ ಒಂದೇ ಪ್ರಶ್ನೆ ಕೇಳ್ತವೆ. ಇಲ್ಲಿ ಬೀದಿಯಾದ್ರೂ ಬಾಯಿ ಮುಚ್ಕೊಂಡಿರುತ್ತೆ. ದರ್ಶಿನಿಗೆ ಹೋಗ್ತೀರಲ್ಲ ಬೆಳಗ್ಗೆ?

ಮಾವ: ಹೋಗದೆ? ನಿಮ್ಮತ್ತೆ ಸಕ್ಕರೆ ಕಮ್ಮಿ ಹಾಕ್ತಾಳೆ.

ಸೊಸೆ: ಅಲ್ಲಿ ನಿಂತಾಗ ಒಮ್ಮೆ ಸುತ್ತ ನೋಡಿ. ಆ ಉದ್ದನೆಯ ಸ್ಟೀಲ್ ಕಂಬದ ಮೇಲೊಂದು ದುಂಡು ಟೇಬಲ್, ಅದರ ಸುತ್ತ ನಾಲ್ಕು ತಟ್ಟೆ. ಒಬ್ಬ ಬ್ಯಾಂಕ್ ಮ್ಯಾನೇಜರು, ಲ್ಯಾಪ್‌ಟಾಪ್ ಬ್ಯಾಗನ್ನ ಎರಡು ಕಾಲಿನ ಮಧ್ಯೆ ಸಿಕ್ಕಿಸಿಕೊಂಡಿರ್ತಾರೆ. ಎದುರಿಗೆ ಪೇಂಟ್ ಹತ್ತಿದ ಅಂಗಿಯವನು. ಇನ್ನೊಂದು ಕಡೆ ಸ್ವೆಟರ್ ಹಾಕಿದ ಅಜ್ಜ, ಸಾಂಬಾರಲ್ಲಿ ವಡೆ ಮುಳುಗಿಸಿ ಅದು ನೆನೆಯೋದನ್ನೇ ಕಾಯ್ತಿರ್ತಾರೆ. ಒಬ್ಬರ ಚಟ್ನಿ ಇನ್ನೊಬ್ಬರ ತಟ್ಟೆ ಹತ್ರ ಹರಿದ್ರೂ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಒಂದು ಕಾಲದಲ್ಲಿ ನಮ್ಮ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಅಂತ ಬೇರೆ ಕೋಣೆ ಇರ್ತಿತ್ತು. 1980ರ ದಶಕದಲ್ಲಿ ಈ ದರ್ಶಿನಿಗಳು ಹಬ್ಬಿದ್ವು. ಕುರ್ಚಿ ತೆಗೆದು ಹಾಕಿದ್ದೇ ತಡ, ಪಂಕ್ತಿ ಅನ್ನೋದೇ ಹೋಯ್ತು. ಯಾವ ಚಳವಳಿಗಾರರೂ ಇದನ್ನ ಯೋಜನೆ ಹಾಕಿ ಮಾಡಿದ್ದಲ್ಲ. ಮಾಲೀಕರಿಗೆ ಜಾಗ ಉಳಿಸಬೇಕಿತ್ತು, ಅಷ್ಟೇ.

ಮಾವ: ಅಲ್ಲೇ ನೀನು ಸಿಕ್ಕಿಬಿದ್ದೆ. ಕುರ್ಚಿ ಯಾಕೆ ತೆಗೆದ್ರು? ನಾವು ಬೇಗ ತಿಂದು ಜಾಗ ಖಾಲಿ ಮಾಡಲಿ ಅಂತ. ನನ್ನ ಮಂಡಿ ನೋವು ನನಗೆ ಗೊತ್ತು. ನಿಲ್ಲೋಕೆ ಬಿಡ್ತಾರೆ ಕಣೇ, ಕೂರೋಕೆ ಬಿಡಲ್ಲ.

ಸೊಸೆ: ಅದನ್ನ ನಾನು ನೋಟ್ಸ್ ಮಾಡ್ಕೋಬೇಕು.

ಮಾವ: ಮಾಡ್ಕೋ. ಬಸ್ ಸ್ಟಾಪಲ್ಲಿ ನೋಡು, ಮೂರು ಪೈಪು ಓರೆಯಾಗಿ ಹಾಕಿರ್ತಾರೆ. ಅದು ಕೂರೋಕೂ ಅಲ್ಲ, ಒರಗೋಕೂ ಅಲ್ಲ. ಯಾವನೋ ಭಿಕ್ಷುಕ ಬಂದು ಮಲಗಿಬಿಡ್ತಾನೆ ಅನ್ನೋ ಭಯಕ್ಕೆ ನಮ್ಮಂಥ ಮುದುಕರು ಜಾರ್ತಾ ಕೂರಬೇಕು.

ಸೊಸೆ: ಪಾರ್ಕಿನದೂ ಅದೇ ಕಥೆ. ಬೆಂಗಳೂರಿನ ಬಡಾವಣೆ ಪಾರ್ಕುಗಳಿಗೆ ಬಹಳ ಕಾಲ ಮಧ್ಯಾಹ್ನ ಬೀಗ ಹಾಕ್ತಿದ್ರು. ಬೆಳಗ್ಗೆ ವಾಕಿಂಗ್ ಮಾಡೋರಿಗೆ ತೆರೀತಿದ್ರು, ಸಂಜೆ ಮತ್ತೆ ತೆರೀತಿದ್ರು. ಮಧ್ಯಾಹ್ನ ಪಾರ್ಕ್ ಯಾರಿಗೆ ಬೇಕು? ಒಂದು ಮನೆ ಪಾತ್ರೆ ತೊಳೆದು ಇನ್ನೊಂದು ಮನೆಗೆ ಹೋಗೋಕೆ ಮುಂಚೆ ಒಂದು ಗಂಟೆ ಬಿಡುವಿರೋ ಹೆಂಗಸಿಗೆ. ಮುಂದಿನ ಆರ್ಡರ್ ಬರೋತನಕ ಕಾಯೋ ಡೆಲಿವರಿ ಹುಡುಗನಿಗೆ. ಗಾರೆ ಕೆಲಸದವರಿಗೆ. ಸರಿಯಾಗಿ ಆ ಹೊತ್ತಿಗೇ ಬೀಗ. ಈಗೀಗ ಹಲವು ಕಡೆ ಇಡೀ ದಿನ ತೆರೆದಿಡ್ತಾರೆ, ಸಂತೋಷ. ಆದ್ರೆ ಬೀಗ ಹಾಕಿದ್ದು ದುಷ್ಟತನದಿಂದ ಅಲ್ಲ ನೋಡಿ. ಪಾರ್ಕ್ ಅಂದ್ರೆ ನಡೆಯೋ ಜಾಗ, ಕೂತಿರೋರು ಅಂದ್ರೆ ಕೆಲಸ ಇಲ್ಲದವರು, ಕೆಲಸ ಇಲ್ಲದವರು ಅಂದ್ರೆ ಅನುಮಾನ, ಹಾಗೇ ಒಂದರ ಹಿಂದೆ ಒಂದು.

ಮಾವ: ಹುಡುಗ ಹುಡುಗಿ ಬಂದು ಕೂರ್ತಾರೆ ಅನ್ನೋದೂ ಇದೆ.

ಸೊಸೆ: ಕೂರಲಿ ಬಿಡಿ. ಎಲ್ಲಿ ಹೋಗಬೇಕು ಅವರು? ಮುಂಬೈ ಬಗ್ಗೆ ಮೂವರು ಹೆಂಗಸರು ಒಂದು ಪುಸ್ತಕ ಬರೆದಿದ್ದಾರೆ, 2011ರಲ್ಲಿ ಬಂತು, ‘ವೈ ಲಾಯ್ಟರ್’ ಅಂತ. ಹೆಣ್ಣು ಮಕ್ಕಳು ಊರಲ್ಲಿ ಓಡಾಡಬೇಕಾದ್ರೆ ಯಾವಾಗ್ಲೂ ಏನೋ ಕೆಲಸ ಇರೋ ಥರ ಕಾಣಬೇಕು ಅನ್ನೋದು ಅದರ ಮುಖ್ಯ ತಕರಾರು. ನನಗೆ ಅದು ಓದಿದ ತಕ್ಷಣ ಹೌದು ಅನ್ನಿಸ್ತು. ಯಾರಿಗಾದ್ರೂ ಕಾಯ್ತಾ ರಸ್ತೆ ಬದಿ ನಿಂತಿದ್ರೆ ನಾನೂ ಫೋನ್ ತೆಗೆದು ಕಿವಿಗಿಟ್ಕೋತೀನಿ. ಆ ಕಡೆ ಯಾರೂ ಇರಲ್ಲ.

ಮಾವ: ಹಾಗಾದ್ರೆ ಹಿಂದಿನವರು ಊರು ಕಟ್ಟಿದ್ದೇ ಚೆನ್ನಾಗಿತ್ತು ಅನ್ನು. ಬಸವನಗುಡಿ, ಮಲ್ಲೇಶ್ವರ ನೋಡು. ಅಗಲವಾದ ರಸ್ತೆ, ಮರ, ಗಾಳಿ, ಬೆಳಕು. ಈಗ ಯಾರಾದ್ರೂ ಹಾಗೆ ಕಟ್ಟಬಲ್ಲರಾ?

ಸೊಸೆ: ಅವು ಯಾಕೆ ಹಾಗೆ ಆದ್ವು ಗೊತ್ತಲ್ಲ? 1898ರಲ್ಲಿ ಪ್ಲೇಗು ಬಂತು. ಅಕ್ಕಿಪೇಟೆ, ಬಳೇಪೇಟೆ, ಚಿಕ್ಕಪೇಟೆಗಳ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತರು. ಆ ಭಯದಲ್ಲಿ ಹೊಸ ಬಡಾವಣೆಗಳು ಬೆಳೆದವು. ಗಾಳಿ ಬೆಳಕಿನ ಆಸೆ ಬಲಿತಿದ್ದೇ ಸಾವಿನ ಭಯದಿಂದ. ಬ್ಲಾಕುಗಳನ್ನೂ ಶುರುವಿನಲ್ಲಿ ಜಾತಿ ನೋಡಿಯೇ ಹಂಚಿದ್ದು. ನಾವು ಮರದ ನೆರಳನ್ನ ಮಾತ್ರ ನೆನಪಿಟ್ಕೊಂಡಿದ್ದೀವಿ. ಅದೂ ಹೋಗಲಿ, ಮನೆಗಳ ಹಿಂದೆ ಒಂದು ಸಣ್ಣ ಓಣಿ ಇರುತ್ತಲ್ಲ, ಅಲ್ಲಿ ಓಡಾಡಿದ್ದೀರಾ?

ಮಾವ: ಕನ್ಸರ್ವೆನ್ಸಿ ಗಲ್ಲಿ.

ಸೊಸೆ: ಅದೇ. ಕೋರ್ಸಿನ ಕೆಲಸಕ್ಕೆ ಅಂತ ಅಂಥ ಓಣಿಗಳಲ್ಲಿ ಅಳತೆ ಟೇಪು ಹಿಡಿದು ತಿರುಗಿದೆ. ಈಗ ಅಲ್ಲಿ ಏಸಿಯ ಹೊರಗಿನ ಪೆಟ್ಟಿಗೆಗಳು ಬಿಸಿಗಾಳಿ ಉಗುಳ್ತಿರ್ತವೆ. ಮುರಿದ ಮಂಚ, ಹಳೇ ಕಮೋಡು, ಹೂವಿನ ಕುಂಡ, ಎರಡು ಮೂರು ಸ್ಕೂಟರು. ಕೆಲವು ಕಡೆ ಎರಡು ಕಡೆಯವರೂ ಗೋಡೆ ಮುಂದೆ ತಳ್ಳಿ ಓಣಿಯೇ ಮಾಯ. ಆದ್ರೆ ಹಳೇ ಗೋಡೆಗಳನ್ನ ಕೆಳಗೆ ಬಗ್ಗಿ ನೋಡಿದ್ರೆ, ನೆಲಕ್ಕೆ ಹತ್ತಿಕೊಂಡು ಇಟ್ಟಿಗೆಯಿಂದ ಮುಚ್ಚಿರೋ ಚೌಕಾಕಾರದ ಕಿಂಡಿ ಇನ್ನೂ ಕಾಣುತ್ತೆ. ಕಕ್ಕಸಿನ ಬಕೆಟ್ಟು ಹೊರಗೆ ಎಳೆಯೋಕೆ ಇದ್ದ ಕಿಂಡಿ ಅದು. ಮಲ ಹೊರೋರು ಮುಂದಿನ ರಸ್ತೆಯಲ್ಲಿ ಕಾಣಬಾರದು. ಅದಕ್ಕೇ ಹಿಂದೆ ಇನ್ನೊಂದು ದಾರಿ. ಆ ಅಂದದ ಬಡಾವಣೆಯ ನಕ್ಷೆಯೊಳಗೇ ಅದನ್ನ ಅಳೆದು ಗೆರೆ ಎಳೆದು ಬರೆದಿದ್ರು. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದ್ದು 1970ರ ದಶಕದಲ್ಲಿ. ಅಂದ್ರೆ ನೀವು ಹೈಸ್ಕೂಲಲ್ಲಿದ್ದಾಗ.

ಮಾವ: ಗೊತ್ತು. ನಮ್ಮ ಕ್ಲಾಸಲ್ಲೇ ಒಬ್ಬನ ತಾಯಿ ಆ ಕೆಲಸ ಮಾಡ್ತಿದ್ರು. ಅವನ ಪಕ್ಕ ಯಾರು ಕೂತ್ಕೋತಿದ್ರು ಅಂತ ಕೇಳಬೇಡ.

ಸೊಸೆ: ಕೇಳಲ್ಲ.

ಮಾವ: ಆದ್ರೂ ಒಂದು ಹೇಳ್ತೀನಿ. ಎಲ್ಲದರಲ್ಲೂ ಹುಳುಕು ಹುಡುಕಿದ್ರೆ ಊರು ಕಟ್ಟೋದು ಹೇಗೆ? ನಮ್ಮ ಕಾರ್ಖಾನೆ ಕಾಲೋನಿ ತಗೋ. ಎಲ್ಲ ಜಾತಿಯವರೂ ಒಂದೇ ಸಾಲಿನ ಕ್ವಾರ್ಟರ್ಸಲ್ಲಿ. ಆಸ್ಪತ್ರೆ, ಶಾಲೆ, ಆಟದ ಮೈದಾನ, ಕನ್ನಡ ಸಂಘ, ವರ್ಷಕ್ಕೊಂದು ನಾಟಕ. ಸೈರನ್ ಆಗೋಕೆ ಮುಂಚೆ ಬಸ್ಸು ಬಾಗಿಲಿಗೆ. ನಾನು ಸೇವೆಯಲ್ಲಿದ್ದಷ್ಟು ದಿನ ಒಮ್ಮೆಯೂ ಪಾರ್ಕಿಂಗ್ ಬಗ್ಗೆ ಯೋಚನೆ ಮಾಡಿಲ್ಲ.

ಸೊಸೆ: ಅದನ್ನ ನಾನು ಹಗುರವಾಗಿ ತಗೊಳ್ಳಲ್ಲ ಮಾವ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಇವೆಲ್ಲ 1940ರಿಂದ 1954ರೊಳಗೆ ಬಂದವು. ಇವತ್ತಿನ ಟೆಕ್ ಪಾರ್ಕುಗಳು ಕೆಲಸ ಕೊಟ್ಟು ಮನೆ, ಬಸ್ಸು, ಶಾಲೆ ಎಲ್ಲ ನಿಮ್ಮ ಹಣೆಬರಹ ಅಂತ ಬಿಟ್ಟವು. ಕಾರ್ಖಾನೆಗಳು ಹಾಗೆ ಬಿಡಲಿಲ್ಲ. ಔಟರ್ ರಿಂಗ್ ರೋಡಿನ ಗೋಳು ಅರ್ಧ ಅಲ್ಲೇ ಇದೆ. ಆದ್ರೆ ಕಾಲೋನಿ ಗೇಟಿನ ಹೊರಗಿದ್ದವರಿಗೆ ಆ ಆಸ್ಪತ್ರೆ ಸಿಗ್ತಿತ್ತಾ?

ಮಾವ: ಇಲ್ಲ. ಪಾಸ್ ಬೇಕಿತ್ತು.

ಸೊಸೆ: ಅಷ್ಟೇ ನನ್ನ ಮಾತು.

ಮಾವ: ಬಿಡು. ಈಗಿನ ನಿಜವಾದ ಸಮಸ್ಯೆಗೆ ಬಾ, ಟ್ರಾಫಿಕ್ಕು. ಮೊನ್ನೆ ಸಿಲ್ಕ್ ಬೋರ್ಡ್ ಹತ್ರ ನಿಂತು ನಿಂತು ನನಗೆ ವೈರಾಗ್ಯ ಬಂತು. ಸುಮ್ಮನೆ ನಿಲ್ಲೋ ಊರು ಬೇಕು ಅಂದೆಯಲ್ಲ, ಅಲ್ಲಿ ಹೋಗಿ ನಿಂತ್ಕೋ!

ಸೊಸೆ: ಅದು ನಿಂತಿದ್ದಲ್ಲ, ಸಿಕ್ಕಿಹಾಕಿಕೊಂಡಿದ್ದು. ನಮ್ಮಲ್ಲಿ ರಸ್ತೆಯ ಯೋಜನೆ ಮಾಡೋರೆಲ್ಲ ಗಾಡಿ ಗಂಟೆಗೆ ಎಷ್ಟು ಕಿಲೋಮೀಟರ್ ಓಡುತ್ತೆ ಅಂತ ಮಾತ್ರ ಅಳೀತಾರೆ. ವೇಗಕ್ಕೆ ಅಂತ ರಸ್ತೆ ಅಗಲ ಮಾಡ್ತಾರೆ, ಆ ಅಗಲಕ್ಕೆ ಇನ್ನಷ್ಟು ಗಾಡಿ ಬರ್ತವೆ. ಹೆಂಗಸರಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಇದಕ್ಕಿಂತ ಹೆಚ್ಚು ಕೆಲಸ ಮಾಡ್ತು ಅಂತ ನನ್ನ ಅಭಿಪ್ರಾಯ.

ಮಾವ: ಬಂತು ನೋಡು! 2023ರ ಜೂನಿಂದ ನನಗೆ ಬಸ್ಸಲ್ಲಿ ಸೀಟು ಸಿಕ್ಕಿಲ್ಲ. ದುಡ್ಡು ಕೊಟ್ಟವನು ನಿಂತ್ಕೋಬೇಕು, ಶೂನ್ಯ ಟಿಕೆಟ್ಟಿನವರು ಕಿಟಕಿ ಪಕ್ಕ.

ಸೊಸೆ: ನಿಮ್ಮ ಮನೆ ಕೆಲಸಕ್ಕೆ ಬರೋ ಅಕ್ಕ ಮೊದಲು ಮೂರು ಸ್ಟಾಪು ನಡ್ಕೊಂಡೇ ಬರ್ತಿದ್ರು, ಆ ದುಡ್ಡು ಉಳಿಸೋಕೆ. ಈಗ ಬಸ್ಸಲ್ಲಿ ಬರ್ತಾರೆ. ಕೆಲಸ ಮುಗಿದ ಮೇಲೆ ಒಂದು ದಿನ ಸುಮ್ಮನೆ ಲಾಲ್‌ಬಾಗಿಗೆ ಹೋಗಿ ಕೂತಿದ್ದು ಬಂದ್ರಂತೆ. ಏನು ಕೆಲಸ ಇತ್ತು ಅಂತ ಕೇಳಿದ್ರೆ, ಏನೂ ಇಲ್ಲ, ಹೂವಿನ ಗಿಡ ನೋಡೋಣ ಅನ್ನಿಸ್ತು ಅಂದ್ರು. ಬಸ್ಸಿನ ಸಂಖ್ಯೆ ಹೆಚ್ಚಿಸಲಿಲ್ಲ ಅಂತ ಬೈಯಿರಿ, ನಾನೂ ಬೈತೀನಿ. ಆದ್ರೆ ಕೆಲಸವಿಲ್ಲದೆ ಊರು ತಿರುಗೋ ಹಕ್ಕು ಮೊದಲ ಸಲ ಅವರಿಗೆ ಸಿಕ್ಕಿದೆ.

ಮಾವ: ಅದು ನನಗೆ ಹೇಳಲೇ ಇಲ್ಲ ಅವಳು.

ಸೊಸೆ: ನಿಮಗೆ ಹೇಳಿದ್ರೆ ಸೀಟಿನ ವಿಷಯ ತೆಗೀತೀರ ಅಂತ ಗೊತ್ತು. ಅದಿರಲಿ, ಮನೆ ಒಡೆದು ಕಟ್ಟೋ ನಕ್ಷೆ ನಂಗೂ ಕಳಿಸಿದ್ರಲ್ಲ ವಾಟ್ಸಾಪಲ್ಲಿ. ನೋಡಿದೆ.

ಮಾವ: ಹೇಗಿದೆ? ನೆಲದಲ್ಲಿ ಸ್ಟಿಲ್ಟು, ಮೇಲೆ ಮೂರು ಮಹಡಿ. ಒಂದರಲ್ಲಿ ನಾವು, ಎರಡು ಬಾಡಿಗೆಗೆ.

ಸೊಸೆ: ಮುಂದಿನ ಜಗಲಿ ಎಲ್ಲಿ ಹೋಯ್ತು?

ಮಾವ: ಮೂವತ್ತು ನಲವತ್ತರ ಸೈಟಲ್ಲಿ ಜಗಲಿ ಎಲ್ಲಿಂದ ಬರುತ್ತೆ? ಪ್ಲಾನ್ ಪಾಸಾಗಬೇಕಾದ್ರೆ ಪಾರ್ಕಿಂಗ್ ತೋರಿಸಬೇಕು.

ಸೊಸೆ: ಈಗ ಆ ಜಗಲಿ ಮೇಲೆ ಏನೇನು ನಡೆಯುತ್ತೆ ಹೇಳ್ಲಾ? ಬೆಳಗ್ಗೆ ಹೂವಿನವರು ಬುಟ್ಟಿ ಇಳಿಸಿ ಮೊಳ ಹಾಕ್ತಾರೆ. ಅತ್ತೆ ಸೊಪ್ಪು ಬಿಡಿಸ್ತಾ ಪಕ್ಕದ ಮನೆಯವರ ಸೊಸೆ ಬಗ್ಗೆ ಮಾತಾಡ್ತಾರೆ. ಕೊರಿಯರ್ ಹುಡುಗ ಹೆಲ್ಮೆಟ್ ತೆಗೆದು ನೀರು ಕೇಳ್ತಾನೆ. ಸಂಜೆ ಎದುರುಮನೆ ಮಗು ಶಾಲೆಯಿಂದ ಬಂದು, ಅವರಮ್ಮ ಬರೋತನಕ ಅಲ್ಲೇ ಬ್ಯಾಗಿಟ್ಕೊಂಡು ಕೂತಿರುತ್ತೆ. ಸ್ಟಿಲ್ಟು ಬಂದ ಮೇಲೆ ಅಲ್ಲಿ ಎರಡು ಕಾರು, ಒಂದು ಮೋಟರ್ ಪಂಪು, ಸಾಲಾಗಿ ಬೆಸ್ಕಾಂ ಮೀಟರು. ರಸ್ತೆ ಕಡೆಗೆ ಕಬ್ಬಿಣದ ಗೇಟು. ಅದರ ಮುಂದೆ ಮೋರಿ ಚಪ್ಪಡಿ ಮೇಲೆ ಸಿಮೆಂಟಿನ ಇಳಿಜಾರು, ಅಂದ್ರೆ ಫುಟ್‌ಪಾತೂ ಹೋಯ್ತು. ಒಂದು ಬೀದಿಯಲ್ಲಿ ಎಲ್ಲರೂ ಹಾಗೇ ಕಟ್ಟಿದ ಮೇಲೆ ಆ ಬೀದಿ ಮನೆಗಳ ಬೆನ್ನಿನ ಸಾಲು ಆಗುತ್ತೆ.

ಮಾವ: ಭದ್ರತೆ ಬೇಡವಾ? ಸಿಸಿ ಕ್ಯಾಮೆರಾ ಹಾಕಿಸ್ತೀನಿ.

ಸೊಸೆ: ಹಾಕಿಸಿ. ಕ್ಯಾಮೆರಾ ನೋಡುತ್ತೆ, ಗದರಿಸಲ್ಲ. ಅತ್ತೆ ಜಗಲಿ ಮೇಲಿದ್ರೆ ಹುಡುಗರು ಆ ಮಗುವನ್ನ ರೇಗಿಸೋಕೂ ಹೆದರ್ತಾರೆ. ಜೇನ್ ಜೇಕಬ್ಸ್ ಅಂತ ಅಮೆರಿಕದ ಲೇಖಕಿ 1961ರಲ್ಲಿ ಇದನ್ನೇ ಬರೆದ್ರು: ಬೀದಿಯನ್ನ ಕಾಯೋದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿ ಕೂತು ನೋಡೋ ಜನ ಅಂತ. ನ್ಯೂಯಾರ್ಕಿನ ಮೆಟ್ಟಿಲುಗಳನ್ನ ನೋಡಿ ಬರೆದದ್ದು. ಕ್ಲಾಸಲ್ಲಿ ಓದಿದಾಗ ನನಗೆ ಅತ್ತೆಯೇ ಕಣ್ಮುಂದೆ ಬಂದ್ರು.

ಮಾವ: ನಿಮ್ಮತ್ತೆಗೆ ಹೇಳಬೇಡ, ಮೊದಲೇ ಹಿಡಿಯೋಕಾಗಲ್ಲ. ಆದ್ರೆ ಲೆಕ್ಕ ಕೇಳು. ನನ್ನ ಪಿಂಚಣಿ ಎಷ್ಟು ಗೊತ್ತಾ? ಖಾಸಗಿಯವರು ಬಿಡು, ನಮ್ಮ ಕಾರ್ಖಾನೆಯವರಿಗೂ ಸರ್ಕಾರಿ ನೌಕರರ ಥರ ಬರಲ್ಲ. ಎರಡು ಮಹಡಿ ಬಾಡಿಗೆ ಬಂದ್ರೆ ಮಾತ್ರೆ ಖರ್ಚು, ಟ್ಯಾಂಕರ್ ನೀರು ಎಲ್ಲ ನಡೆಯುತ್ತೆ. ಪಾರ್ಕಿಂಗ್ ಇಲ್ಲದ ಮನೆಗೆ ಯಾವ ಇಂಜಿನಿಯರ್ ಬರ್ತಾನೆ? ಜಗಲಿಗೆ ಯಾರು ಬಾಡಿಗೆ ಕೊಡ್ತಾರೆ?

ಸೊಸೆ: ಯಾರೂ ಕೊಡಲ್ಲ. ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನಿಮ್ಮನ್ನ ದೂರಿ ಏನು ಪ್ರಯೋಜನ, ನಿಯಮವೇ ಹಾಗಿದೆ. ಕಾರಿಗೆ ಜಾಗ ತೋರಿಸದಿದ್ರೆ ಮಂಜೂರಾತಿ ಇಲ್ಲ. ಮನುಷ್ಯರು ಕೂರೋಕೆ ಒಂದಡಿ ಕಟ್ಟೆ ಬಿಡಿ ಅಂತ ಯಾವ ಬೈಲಾದಲ್ಲೂ ನಾನು ಓದಿಲ್ಲ.

ಮಾವ: ಬಿಟ್ರೂ ಕುಡುಕರು ಬಂದು ಕೂರ್ತಾರೆ.

ಸೊಸೆ: ಕೆಲವರು ಬರ್ತಾರೆ. ಅದು ನಗರದ ಬೆಲೆ. ಯಾರು ಬೇಕಾದ್ರೂ ಕೂರಬಹುದು ಅಂದ ಮೇಲೆ ನಮಗೆ ಇಷ್ಟವಿಲ್ಲದವರೂ ಕೂರ್ತಾರೆ.

ಮಾವ: ಊರು ಕೆಟ್ಟಿದ್ದು ಕೆರೆ ಮುಚ್ಚಿದಾಗಲೇ ಅಂತ ನನ್ನ ಸಿದ್ಧಾಂತ. ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಮೇಲೆ ಕಂಠೀರವ ಸ್ಟೇಡಿಯಂ. ಈಗ 100 ಕಿಲೋಮೀಟರ್ ಆಚೆ ತೊರೆಕಾಡನಹಳ್ಳಿಯಿಂದ ಕಾವೇರಿ ಎತ್ತಬೇಕು.

ಸೊಸೆ: ಕೆರೆ ವಿಷಯದಲ್ಲಿ ನಿಮ್ಮ ಜೊತೆಗಿದ್ದೀನಿ, ಪೂರ್ತಿಯಾಗಿ ಅಲ್ಲ. 1974ರಲ್ಲಿ ಮೊದಲ ಹಂತದ ಕಾವೇರಿ ನೀರು ಬಂದ ಮೇಲೆ ಕೆರೆ ನಮಗೆ ಬೇಕಿಲ್ಲ ಅನ್ನೋ ಧೈರ್ಯ ಇನ್ನಷ್ಟು ಬಂತು. ಸುಮಾರು 500 ಮೀಟರ್ ಮೇಲಕ್ಕೆ ನೀರು ತಳ್ಳೋ ಕರೆಂಟಿನ ಬಿಲ್ಲು ನಲ್ಲಿ ತಿರುಗಿಸೋವಾಗ ಕಾಣಲ್ಲ. ಸಂಪಂಗಿ ಕೆರೆಯಲ್ಲಿ ಉಳಿದಿರೋ ಒಂದು ತುಣುಕು ನೀರಿಗೆ ಕರಗದ ಹೊತ್ತಲ್ಲಿ ತಿಗಳರು ಇವತ್ತಿಗೂ ಬರ್ತಾರೆ. ಅವರ ತೋಟಗಳಿಗೆ ನೀರು ಕೊಟ್ಟ ಕೆರೆ ಅದು. ಅದನ್ನ ಮುಚ್ಚಿದ್ದು ಅನ್ಯಾಯವೇ. ಆದ್ರೆ ಮೆಜೆಸ್ಟಿಕ್ ವಿಷಯ ಬಂದ್ರೆ ನನಗೆ ಬೈಯೋಕೆ ಬಾಯಿ ಬರಲ್ಲ. ರಾಯಚೂರು, ಕಲಬುರಗಿಯಿಂದ ಗಂಟು ಹೊತ್ತು ಇಳಿದವರು ಮೊದಲ ರಾತ್ರಿ ಅಲ್ಲೇ ಕಳೀತಾರೆ. ಗಂಟಿನ ಮೇಲೆ ತಲೆಯಿಟ್ಟು ಮಲಗಿದವರನ್ನ ದಾಟಿಕೊಂಡೇ ನೀವೂ ಈ ಊರಿಗೆ ಬಂದಿದ್ದು.

ಮಾವ: ದಾಟಿಕೊಂಡಲ್ಲ. ನಾನೂ ಮಲಗಿದ್ದೆ. ಪ್ಲಾಟ್‌ಫಾರಂ ಮೇಲೆ, ಸರ್ಟಿಫಿಕೇಟುಗಳ ಟ್ರಂಕು ತಲೆ ಕೆಳಗಿಟ್ಕೊಂಡು. ಬೆಳಗ್ಗೆ ಇಂಟರ್‌ವ್ಯೂ ಇತ್ತು. ನಮ್ಮಕ್ಕನಿಗೂ ಹೇಳಿಲ್ಲ.

ಸೊಸೆ: ಪೊಲೀಸರು ಎಬ್ಬಿಸಲಿಲ್ವಾ?

ಮಾವ: ಒಬ್ಬ ಬಂದು ಲಾಠಿಯಲ್ಲಿ ಟ್ರಂಕು ತಟ್ಟಿದ. ‘ಇಂಟರ್‌ವ್ಯೂ ಸ್ವಾಮಿ’ ಅಂದೆ. ಆಯ್ತು, ಗೋಡೆ ಕಡೆ ಸರಿದು ಮಲಕ್ಕೋ, ಜನ ತುಳೀತಾರೆ ಅಂದ, ಹೋದ.

ಸೊಸೆ: ಇವತ್ತು ಮಾಲ್ ಮುಂದೆ ಹಾಗೆ ಮಲಗಿ ನೋಡಿ.

ಮಾವ: ಇದನ್ನೆಲ್ಲ ಯಾರಿಗೆ ಹೇಳ್ತೀಯ? ಮೊದಲಾದ್ರೆ ಕಾರ್ಪೊರೇಟರ್ ಮನೆ ಮುಂದೆ ಹೋಗಿ ಕೂಗಾಡಬಹುದಿತ್ತು.

ಸೊಸೆ: 2015ರಲ್ಲಿ ಗೆದ್ದವರ ಅವಧಿ 2020ರ ಸೆಪ್ಟೆಂಬರಿಗೆ ಮುಗೀತು. ಐದು ವರ್ಷ ಆಡಳಿತಾಧಿಕಾರಿಗಳೇ ನಡೆಸಿದ್ರು. 2025ರ ಸೆಪ್ಟೆಂಬರಲ್ಲಿ ಒಂದು ಪಾಲಿಕೆ ಹೋಗಿ ಐದು ಬಂದವು, ಆಗಲೂ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ. ನಗರಗಳಿಗೂ ಚುನಾಯಿತ ಆಡಳಿತ ಇರಬೇಕು ಅನ್ನೋ ಸಂವಿಧಾನದ 74ನೇ ತಿದ್ದುಪಡಿ ಆಗಿ ಮೂವತ್ತು ವರ್ಷ ದಾಟಿದೆ. ಪಂಚಾಯ್ತಿ ಮೆಂಬರನ್ನ ಬೀದಿಯಲ್ಲಿ ನಿಲ್ಲಿಸಿ ಕೇಳೋ ಹಕ್ಕು ನಮ್ಮೂರವರಿಗಿದೆ. ಅದೊಂದರಲ್ಲಿ ಹಳ್ಳಿ ಮುಂದಿದೆ, ಒಪ್ತೀನಿ.

ಮಾವ: ಅಬ್ಬಾ, ಒಂದಾದ್ರೂ ಒಪ್ಪಿದೆಯಲ್ಲ. ಸರಿ, ಕೆಲಸ ಸಿಕ್ಕಿದೆ ಅಂದೆ. ಎಲ್ಲಿ ಇರ್ತೀಯ? ಇಲ್ಲೇ ಇರು ಅಂದ್ರೆ ಕೇಳಲ್ಲ ನೀನು.

ಸೊಸೆ: ಶ್ರೀರಾಮಪುರದಲ್ಲಿ ಒಂದು ಮನೆ ನೋಡಿದೀನಿ. ಎರಡನೇ ಮಹಡಿ, ಒಂದೇ ರೂಮು. ಮೆಟ್ರೋ ನಡೆಯೋ ದೂರ. ಬೀದಿಯಲ್ಲಿ ರಾತ್ರಿ ಹನ್ನೊಂದರ ತನಕ ಇಸ್ತ್ರಿ ಅಂಗಡಿ, ಮೊಟ್ಟೆ ಅಂಗಡಿ ತೆರೆದಿರ್ತವೆ, ಬಾಗಿಲ ಮೆಟ್ಟಿಲ ಮೇಲೆ ಹೆಂಗಸರು ಕೂತಿರ್ತಾರೆ. ನಾನು ತಡವಾಗಿ ಬಂದ್ರೂ ಹೆದರಿಕೆ ಇಲ್ಲ.

ಮಾವ: ಮನೆಯವರು ಏನಂದ್ರು?

ಸೊಸೆ: ಮದುವೆ ಆಗಿದ್ಯಾ, ಮಾಂಸ ತಿಂತೀರಾ, ರಾತ್ರಿ ಎಷ್ಟೊತ್ತಿಗೆ ಬರ್ತೀರಾ, ಸ್ನೇಹಿತರು ಬರ್ತಾರಾ ಅಂತ ಕೇಳಿದ್ರು.

ಮಾವ: ನೀನೇನಂದೆ?

ಸೊಸೆ: ನಮ್ಮ ಮಾವ ಬಂದು ಮಾತಾಡ್ತಾರೆ ಅಂದೆ. ನಾಳೆ ಹತ್ತು ಗಂಟೆಗೆ ಬರ್ತೀರಲ್ಲ?

ಮಾವ: ಬರ್ತೀನಿ ಬಿಡು. ಆದ್ರೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ರೆ ನಾನು ಚೌಕಾಸಿ ಮಾಡ್ತೀನಿ, ನೀನು ಮಧ್ಯೆ ಬಾಯಿ ಹಾಕಬೇಡ. ಈ ಜಗಲಿ ಭಾಷಣ ಅಂತೂ ಬೇಡವೇ ಬೇಡ.